ಖಾಲಿ ತಟ್ಟೆಯ ಉಪ್ಪು

ಜೂನ್ 4

ಅಕ್ಕಾ,

ಬಂದು ತಲುಪಿದೆ. ನೀನು ಹೆದರಿದ ಹಾಗೆ ಬಸ್ಸಿನಲ್ಲಿ ತಲೆ ಸುತ್ತಲಿಲ್ಲ, ವಾಂತಿಯೂ ಆಗಲಿಲ್ಲ. ವರ್ಷವಿಡೀ ಹಾಸಿಗೆ ಹಿಡಿದು ನಿನ್ನ ಜೀವ ತಿಂದವಳು ಇವಳೇನಾ ಅಂತ ನನಗೇ ಅನುಮಾನ ಬಂತು. ಭಾವನಿಗೆ ಹೇಳು, ಅವರ ಮಹಾರಾಣಿ ಈಗ ಒಂದು ಕಬ್ಬಿಣದ ಮಂಚಕ್ಕೆ, ಒಂದು ಗೂಟಕ್ಕೆ, ಅರ್ಧ ಕಿಟಕಿಗೆ ಒಡತಿ. ಒಂದೇ ಕೋಣೆಗೆ ನಡುವೆ ಹಲಗೆ ಹೊಡೆದು ಎರಡು ಮಾಡಿದ್ದಾರೆ. ಕಿಟಕಿಯ ಇನ್ನರ್ಧ ಹಲಗೆಯ ಆಚೆಗೆ ಸೇರಿದೆ. ಆಚೆ ಯಾರಿದ್ದಾರೋ ಗೊತ್ತಿಲ್ಲ, ಸದ್ದಿಲ್ಲ.

ಕೆಳಗೆ ಹೊಲಿಗೆ ಅಂಗಡಿ, ಮೇಲೆ ಮನೆ. ಹೊಲಿಯುವುದು ಬರೀ ಕೋಟು. ಕಟಿಂಗ್ ಮಾಸ್ಟರ್ ಒಬ್ಬರಿದ್ದಾರೆ, ಕಿವಿ ಮಂದ, ಕತ್ತರಿ ಚುರುಕು. ಇಸ್ತ್ರಿ ಮಾಡುವ ಹೆಂಗಸನ್ನು ಎಲ್ಲರೂ ಇಸ್ತ್ರಿಯಮ್ಮ ಅನ್ನುತ್ತಾರೆ. ಹೊಲಿಗೆ ಮಷೀನಿನ ಮೇಲೆ ಯಜಮಾನಿಯನ್ನು ಬಿಟ್ಟು ಬೇರೆಯವರು ಕೈ ಇಡುವ ಹಾಗಿಲ್ಲ. ನನ್ನ ಪಾಲಿಗೆ ಕೈ ಕಾಜಾ. ಗುಂಡಿ ತೂರುವ ಆ ಸೀಳಿನ ಸುತ್ತ ದಾರ ಸುತ್ತಿ ಸುತ್ತಿ ಅಂಚು ಕಟ್ಟುವ ಕೆಲಸವನ್ನು ಅಮ್ಮ ನಮ್ಮಿಬ್ಬರಿಗೂ ಕಲಿಸಿದ್ದಳು, ನೆನಪಿದೆಯಾ? ನೀನು ಬೆರಳು ಚುಚ್ಚಿಕೊಂಡು ಪುಸ್ತಕದ ಕಡೆ ಓಡಿದೆ. ನನ್ನ ಕೈಗೆ ಮಾತ್ರ ಅದು ಹತ್ತಿತು. ಕೆಲಸಕ್ಕೆ ಬದಲಾಗಿ ಊಟ ಮತ್ತು ಮಂಚ, ಅಷ್ಟೇ ಒಪ್ಪಂದ.

ಈಗ ಒಂದು ವಿಚಿತ್ರ ಕೇಳು. ಈ ಮನೆಯ ಅಡಿಗೆಗೆ ಉಪ್ಪೇ ಹಾಕುವುದಿಲ್ಲ. ಎಲ್ಲರೂ ಮೇಜಿಗೆ ಕೂತ ಮೇಲೆ ಯಜಮಾನಿ ಗಾಜಿನ ಭರಣಿ, ಪುಟ್ಟ ಮರದ ಚಮಚ ಹಿಡಿದು ಬರುತ್ತಾರೆ. ಒಬ್ಬೊಬ್ಬರ ಹಿಂದೆ ನಿಂತು, "ಇವತ್ತು ಏನು ಮಾಡಿದೆ?" ಅಂತ ಕೇಳುತ್ತಾರೆ. ಮಾಡಿದ ಕೆಲಸಕ್ಕೆ ತಕ್ಕ ಹಾಗೆ ತಟ್ಟೆಯ ಅಂಚಿಗೆ ಉಪ್ಪು. ಮಾಸ್ಟರ್ ಒಂದು ತೋಳನ್ನು ಗಿಡ್ಡ ಕತ್ತರಿಸಿದ್ದರಂತೆ, ಅವರಿಗೆ ಚಿಟಿಕೆ. ನನಗೆ ತುಂಬು ಚಮಚ! ಬರೀ ಅನ್ನ, ಬೇಯಿಸಿದ ತರಕಾರಿ. ಆದರೂ ಅಷ್ಟು ರುಚಿಯಾಗಿ ನಾನು ಉಂಡು ಎಷ್ಟು ಕಾಲವಾಗಿತ್ತೋ.

ಮೇಜಿನ ಎದುರು ಗೋಡೆಗೆ ಕೆಂಪು ದಾರದ ಕಸೂತಿಯ ಚೌಕಟ್ಟು ನೇತು ಹಾಕಿದ್ದಾರೆ. ಅದರಲ್ಲಿರುವುದು ಇಂಗ್ಲಿಷ್: ‘ವರ್ತ್ ಹಿಸ್ ಸಾಲ್ಟ್’. ನಿನ್ನ ಪ್ರೆಸ್ಸಿನಲ್ಲಿ ಈಗ ಇಂಗ್ಲಿಷ್ ನುಡಿಗಟ್ಟುಗಳ ಪುಸ್ತಕದ ಕರಡು ತಿದ್ದುತ್ತಿದ್ದೀಯಲ್ಲ, ಇದೂ ಇರಬೇಕು. ಎಲ್ಲಿಂದ ಬಂತು, ಏನರ್ಥ, ಬರಿ.

ನಿನ್ನ ಮೊಂಡಿ

ಜೂನ್ 13

ಲೇ ಮೊಂಡಿ,

ಕಾಗದ ಬಂತು, ಜೀವ ಬಂತು. ಭಾವ ಅದನ್ನು ಓದಿ, "ಮಹಾರಾಣಿಯವರಿಗೆ ಬರೀ ಅರ್ಧ ಕಿಟಕಿನಾ? ಸಿಂಹಾಸನ ಯಾವಾಗ ಕಳಿಸೋಣ, ಕೇಳು" ಅಂದರು. ನೀನು ಹೋದ ಮೇಲೆ ಅವರಿಗೆ ರೇಗಿಸಲು ಯಾರೂ ಇಲ್ಲ. ನನ್ನನ್ನು ರೇಗಿಸಿದರೆ ಏನಾಗುತ್ತದೆಂದು ಗೊತ್ತು.

ನಿನ್ನ ನುಡಿಗಟ್ಟು ನನ್ನ ಕರಡಿನಲ್ಲಿದೆ. ತಾನು ಪಡೆಯುವ ಉಪ್ಪಿಗೆ ತಕ್ಕವನು, ಅಂದರೆ ಅನ್ನಕ್ಕೆ ತಕ್ಕ ಕೆಲಸ ಮಾಡುವವನು ಎಂದು ಅರ್ಥ. ಹುಟ್ಟಿನ ಬಗ್ಗೆ ಒಂದು ಕಥೆ ಹೇಳುತ್ತಾರೆ. ರೋಮ್ ಸಾಮ್ರಾಜ್ಯದ ಸಿಪಾಯಿಗಳಿಗೆ ಉಪ್ಪನ್ನೇ ಸಂಬಳವಾಗಿ ಅಳೆದು ಕೊಡುತ್ತಿದ್ದರಂತೆ. ಪುಸ್ತಕ ಬರೆದ ಪುಣ್ಯಾತ್ಮರು ಇದನ್ನು ಕಣ್ಣಾರೆ ಕಂಡವರ ಹಾಗೆ ಬರೆದಿದ್ದಾರೆ. ಲ್ಯಾಟಿನ್ ಭಾಷೆಯಲ್ಲಿ ‘ಸಾಲ್’ ಅಂದರೆ ಉಪ್ಪು, ಅದರಿಂದ ‘ಸಲಾರಿಯಂ’, ಅದರಿಂದ ಇಂಗ್ಲಿಷಿನ ‘ಸ್ಯಾಲರಿ’. ಅಲ್ಲಿಯವರೆಗೆ ಸರಿ. ಸಿಪಾಯಿಯ ಕೈಗೆ ಉಪ್ಪು ಸುರಿದರು ಎನ್ನುವುದಕ್ಕೆ ಮಾತ್ರ ಗಟ್ಟಿ ಪುರಾವೆ ಸಿಕ್ಕಿಲ್ಲ. ಈ ಮಾತಾದರೂ ಇಂಗ್ಲಿಷಿನಲ್ಲಿ ಅಚ್ಚಾಗಿ ಕಾಣಿಸುವುದು ಸುಮಾರು ಇನ್ನೂರು ವರ್ಷದಿಂದ ಈಚೆಗೆ. ‘ಕಥೆ ಚೆನ್ನಾಗಿದೆ, ಸಾಕ್ಷಿ ಎಲ್ಲಿ?’ ಅಂತ ಅಂಚಿನಲ್ಲಿ ಬರೆದು ಕಳಿಸಿದ್ದೇನೆ. ಬೈದುಕೊಳ್ಳಲಿ.

ನನಗೆ ಅನ್ನಿಸಿದ್ದು ಬೇರೆ. ನಾವೂ ಉಪ್ಪಿನ ಋಣ ಅನ್ನುತ್ತೇವಲ್ಲ, ಅಲ್ಲಿ ಉಪ್ಪು ಮೊದಲು. ಯಾರೋ ಏನೂ ಕೇಳದೆ ಬಡಿಸುತ್ತಾರೆ, ಉಂಡವನಿಗೆ ಆಮೇಲೆ ಋಣ ಹುಟ್ಟುತ್ತದೆ. ಇಂಗ್ಲಿಷಿನ ಮಾತಿನಲ್ಲಿ ಮನುಷ್ಯನನ್ನು ಮೊದಲು ತೂಗುತ್ತಾರೆ, ಉಪ್ಪು ಆಮೇಲೆ. ನಿನ್ನ ಯಜಮಾನಿ ಬರೀ ಮಾತೊಂದನ್ನು ನಿಜವಾದ ಚಮಚ ಮಾಡಿ ಇಟ್ಟುಕೊಂಡಿದ್ದಾರೆ. ಕೇಳಲು ತಮಾಷೆಯಾಗಿದೆ, ನನಗೆ ಯಾಕೋ ಇಷ್ಟವಾಗಲಿಲ್ಲ.

ಬೇಸರವಾದ ದಿನ ಬಂದುಬಿಡು. ನಿನ್ನ ಮಂಚ ಹಾಗೇ ಇದೆ. ಇಲ್ಲಿ ನೀನು ಒಂದು ಕಡ್ಡಿಯನ್ನೂ ಎತ್ತಿಡಬೇಕಾಗಿಲ್ಲ.

ಅಕ್ಕ

ಜುಲೈ 2

ಅಕ್ಕಾ,

ಕಡ್ಡಿ ಎತ್ತಿಡಬೇಕಾಗಿಲ್ಲ ಅಂತ ಬರೆದೆ. ಗೊತ್ತು. ಅಲ್ಲಿ ಯಾವತ್ತೂ ಎತ್ತಿಡಬೇಕಾಗಿರಲಿಲ್ಲ.

ಸಿಪಾಯಿಗಳ ಕಥೆಯನ್ನು ಊಟದ ಹೊತ್ತಿಗೆ ಹೇಳಿದೆ. ಮಾಸ್ಟರ್ ಅರ್ಧ ಕೇಳಿಸಿಕೊಂಡು, "ಯಾವ ಸಿಪಾಯಿ? ಕೋಟು ಕೊಟ್ಟಿದ್ದಾನಾ?" ಅಂದರು. ಯಜಮಾನಿ ನಗಲಿಲ್ಲ. ತೀರಿಹೋದ ಅವರ ಗಂಡ, ಈ ಅಂಗಡಿ ಕಟ್ಟಿದವರು, ಚಿಕ್ಕವರಿದ್ದಾಗ ಒಬ್ಬ ಇಂಗ್ಲಿಷ್ ದರ್ಜಿಯ ಕೈಕೆಳಗೆ ಪಳಗಿದರಂತೆ. ಆ ದರ್ಜಿ ಚೆನ್ನಾಗಿ ಹೊಲಿದವನ ಬೆನ್ನು ತಟ್ಟಿ ಇದೇ ಮಾತು ಹೇಳುತ್ತಿದ್ದನಂತೆ. ಗಂಡ ಅದನ್ನು ಆ ದೇಶದ ಮನೆಗಳ ಪದ್ಧತಿ ಎಂದೇ ತಿಳಿದು ತಮ್ಮ ಮನೆಗೆ ತಂದರು. ಅದು ಬರೀ ಮಾತು ಎಂದು ಹೇಳುವವರು ಯಾರೂ ಇರಲಿಲ್ಲ. ಈಗ ಹೇಳಿದರೂ ಕೇಳುವವರಿಲ್ಲ.

ಮೊದಲ ಕಾಗದದಲ್ಲಿ ನಾನೊಂದು ವಿಷಯ ಬಿಟ್ಟಿದ್ದೆ. ಉಣ್ಣುವವರು ನಾವು ನಾಲ್ಕು ಜನ, ಮೇಜಿನ ಮೇಲೆ ತಟ್ಟೆ ಐದು. ಐದನೆಯ ಕುರ್ಚಿಯ ಹಿಂದೆಯೂ ಯಜಮಾನಿ ನಿಲ್ಲುತ್ತಾರೆ. "ಇವತ್ತು ಏನು ಮಾಡಿದ್ಯೇ ಮಗಳೇ?" ಅನ್ನುತ್ತಾರೆ. ಸ್ವಲ್ಪ ಹೊತ್ತು ತಲೆ ಓರೆ ಮಾಡಿ ಕೇಳಿಸಿಕೊಳ್ಳುತ್ತಾರೆ, "ಹೂಂ" ಅನ್ನುತ್ತಾರೆ, ತುಂಬು ಚಮಚ ಹಾಕುತ್ತಾರೆ. ನಾವು ತಲೆ ತಗ್ಗಿಸಿ ಉಣ್ಣುತ್ತೇವೆ.

ಇಸ್ತ್ರಿಯಮ್ಮ ಕೆಂಡ ಊದುತ್ತಾ ಹೇಳಿದ್ದು ಇದು. ಒಬ್ಬಳೇ ಮಗಳು, ಕಾಜಾದವಳು. ಆ ಕಸೂತಿಯೂ ಅವಳದೇ. ಒಂದು ದಿನ ಸೂಜಿ ಮುಟ್ಟದೆ ಕಿಟಕಿಯ ಹತ್ತಿರ ಸುಮ್ಮನೆ ಕೂತಳು. ಊಟಕ್ಕೆ ಬಂದಾಗ, "ಏನೂ ಮಾಡಿಲ್ಲಮ್ಮ" ಅಂದಳು. ಚಮಚ ಅವಳ ತಟ್ಟೆಯನ್ನು ದಾಟಿ ಹೋಯಿತು. ಹುಡುಗಿ ನಕ್ಕು ಸಪ್ಪೆ ಅನ್ನ ಉಂಡಳು. ಮರುದಿನವೂ ಅಷ್ಟೇ. "ಮೂರನೇ ದಿನ ಏಳಲೇ ಇಲ್ಲ ಕಣಮ್ಮ. ಒಳಗೇ ಜ್ವರ ಇತ್ತು. ಸೋಮಾರಿ ಅಂದ್ಕೊಂಡ್ವಿ ಎಲ್ಲಾರೂ." ಹಲಗೆಯ ಆಚೆಗಿನ ಅರ್ಧ ಕೋಣೆ ಅವಳದು.

ನಿನಗೆ ಭಯವಾಗಬಹುದು ಅಂತ ಬರೆದಿರಲಿಲ್ಲ. ನನಗೆ ಭಯವಿಲ್ಲ. ಆದರೆ ನಿನ್ನೆ ಬೆಳಗ್ಗೆ ಕೆಳಗೆ ಹೋದರೆ, ನಾನು ಅರ್ಧಕ್ಕೆ ಬಿಟ್ಟಿದ್ದ ಬೂದು ಕೋಟಿನ ಕಾಜಾ ಅಷ್ಟೂ ಮುಗಿದಿತ್ತು. ನನ್ನ ಕೈಯ ಹಾಗೇ ಇತ್ತು. ನಾನೇ ಮುಗಿಸಿ ಮರೆತಿರಬೇಕು.

ಮೊಂಡಿ

ಜುಲೈ 9

ಮೊಂಡಿ,

ಆ ಮನೆಯಿಂದ ಹೊರಡು. ಬಟ್ಟೆ ಗಂಟು ಕಟ್ಟು, ಬಸ್ಸು ಹತ್ತು. ಸತ್ತ ಮಗಳಿಗೆ ಉಪ್ಪು ಬಡಿಸುವ ತಾಯಿಯ ದುಃಖ ದೊಡ್ಡದು, ಇಲ್ಲ ಅನ್ನುವುದಿಲ್ಲ. ಆದರೆ ಅದರ ಎದುರು ದಿನಾ ಕೂತು ಉಣ್ಣಲು ನೀನು ಯಾಕೆ ಬೇಕು? ಈಗಷ್ಟೇ ಹಾಸಿಗೆಯಿಂದ ಎದ್ದವಳು ನೀನು.

ಯಾರ ಮೇಲೆ ಸಿಟ್ಟು ಮಾಡಿಕೊಂಡು ಹೋದೆ? ನೀನು ಆ ಮದುವೆಯ ಸಂಬಂಧ ಬೇಡ ಅಂದದ್ದಕ್ಕೆ ನಾನು ನಾಲ್ಕು ದಿನ ಮುಖ ಊದಿಸಿಕೊಂಡಿದ್ದೆನಲ್ಲ, ಅದಕ್ಕಾ? ಅದು ಎಂದೋ ಮುಗಿದ ಮಾತು. ಬಂದು ಸುಮ್ಮನೆ ಕೂತಿರು. ನಿನ್ನಿಂದ ನಮಗೆ ಏನೂ ಆಗಬೇಕಾಗಿಲ್ಲ.

ಇವತ್ತು ಇಷ್ಟೇ. ಕೆಲಸವಿದೆ.

ಅಕ್ಕ

ಆಗಸ್ಟ್ 21

ಅಕ್ಕಾ,

ಉತ್ತರ ತಡವಾಯಿತು. ನಿನ್ನ ಕಳೆದ ಕಾಗದದಲ್ಲಿ ಸಾಲಿನ ಮೇಲೆ ಸಾಲು ಹತ್ತಿ ಕೂತಿತ್ತು. ಯಾವುದೋ ಕೆಲಸದ ನಡುವೆ ಗೀಚಿ ಎಸೆದ ಹಾಗೆ. ಕರಡಿನಲ್ಲಿ ಒಂದು ಚುಕ್ಕೆ ಓರೆಯಾದರೂ ಸಹಿಸದವಳು ನೀನು. ನನಗೆ ಬರೆಯಲು ನಿನಗೆ ಪುರುಸೊತ್ತಿಲ್ಲ ಅಂದುಕೊಂಡೆ. ಸಿಟ್ಟಲ್ಲ, ಇದ್ದದ್ದು ಹೇಳಿದೆ.

ಸಂಬಂಧವೂ ಅಲ್ಲ, ಮುಖ ಊದಿಸಿದ್ದೂ ಅಲ್ಲ. ಒಂದು ವರ್ಷ ನಾನು ಮಲಗಿದ್ದೆ. ನೀನು ನನ್ನ ತಲೆ ಬಾಚಿದೆ, ಬಾಯಿಗೆ ತುತ್ತಿಟ್ಟೆ, ಮೂಗು ಮುರಿಯಲಿಲ್ಲ. ಭಾವ, "ಮಹಾರಾಣಿಯವರ ಸವಾರಿ ಮಂಚದಿಂದ ತಟ್ಟೆಗೆ ಬಂತಾ?" ಅನ್ನುತ್ತಿದ್ದರು, ಎಲ್ಲರೂ ನಗುತ್ತಿದ್ದೆವು. ನಗುನಗುತ್ತಲೇ ನನಗೆ ತುತ್ತು ಇಳಿಯುತ್ತಿರಲಿಲ್ಲ. ಎದ್ದ ಮೇಲೆ ಪಾತ್ರೆ ತೊಳೆಯಲು ಹೋದರೆ ನೀನು ಕೈಯಿಂದ ಕಿತ್ತುಕೊಂಡೆ. ನಾನು ಆ ಮನೆಯಲ್ಲಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಅನ್ನಿಸಿತು. ಅದಕ್ಕೆ ಬಂದೆ.

ಇಲ್ಲಿ ಏನಾಗಿದೆ ಕೇಳು. ಹದಿನೈದು ದಿನದ ಹಿಂದೆ, "ಇವತ್ತು ಏನು ಮಾಡಿದೆ?" ಅಂದರು. "ನೀಲಿ ಕೋಟಿನ ಕಾಜಾ ಪೂರ್ತಿ ಮುಗಿಸಿದೆ" ಅಂದೆ. ಯಜಮಾನಿ, "ನೀಲಿ ಕೋಟು ನನ್ನ ಮಗಳು ಮಾಡಿದ್ದು. ಅವಳ ಕೈ ನನಗೆ ಗೊತ್ತಾಗಲ್ವಾ?" ಅಂದು ಮುಂದೆ ಹೋದರು. ನನ್ನ ತಟ್ಟೆಗೆ ಉಪ್ಪು ಬೀಳಲಿಲ್ಲ. ಖಾಲಿ ಕುರ್ಚಿಯ ಮುಂದೆ ಎರಡು ಚಮಚ ಸುರಿದರು. ಅಂದಿನಿಂದ ದಿನಾ ಇದೇ. ಮಾಸ್ಟರಿಗೆ ಆ ಹೊತ್ತಿನಲ್ಲಿ ಕಿವಿ ಇನ್ನಷ್ಟು ಮಂದ.

ಹಟಕ್ಕೆ ಬಿದ್ದು ಒಂದು ದಿನ ಬೇಕೆಂದೇ ಕೆಟ್ಟದಾಗಿ ಮಾಡಿದೆ. ದಾರ ಸಡಿಲ, ಅಂಚು ಅಂಕುಡೊಂಕು. ಯಜಮಾನಿ ಅದನ್ನು ಬೆಳಕಿಗೆ ಹಿಡಿದು, "ಇದು ನಿಂದೇ" ಅಂದರು. ನನಗೆ ಅರ್ಧ ಚಮಚ ಸಿಕ್ಕಿತು. ನೋಡು ಹೇಗಿದೆ! ಕೆಟ್ಟದ್ದು ನನ್ನ ಲೆಕ್ಕಕ್ಕೆ, ಒಳ್ಳೆಯದು ಅವಳ ಲೆಕ್ಕಕ್ಕೆ. ನನ್ನ ಹೆಸರು ಉಳಿಯಬೇಕಾದರೆ ದಿನಾ ಕೆಲಸ ಕೆಡಿಸಬೇಕು. ಅಮ್ಮ ಕಲಿಸಿದ ಕೈ, ಕೆಡಿಸು ಅಂದರೆ ಕೇಳುವುದಿಲ್ಲ ಅಕ್ಕಾ. ಮರುದಿನ ಕೂತರೆ ಮತ್ತೆ ಚೆನ್ನಾಗಿಯೇ ಬಂತು.

ಸಪ್ಪೆ ಊಟ ಒಂದು ವಾರ ಉಂಡರೆ ಬಾಯಿ ಸಾಯುತ್ತದೆ. ಬಾಯಿಯ ಜೊತೆ ಇನ್ನೂ ಏನೇನೋ. ಇಸ್ತ್ರಿಯಮ್ಮ ನನ್ನ ಪಕ್ಕದಲ್ಲೇ ಹಾದುಹೋದರೂ ತಿರುಗಿ ನೋಡುವುದಿಲ್ಲ. ಹಲಗೆಯ ಆಚೆ ಯಾರೋ ಉಸಿರಾಡುತ್ತಾರೆ. ನಾನು ಉಸಿರು ಹಿಡಿದರೆ ಅದೂ ನಿಲ್ಲುತ್ತದೆ.

ಒಂದು ಕೇಳುತ್ತೇನೆ. ನಿನಗೆ ನನ್ನಿಂದ ಏನಾದರೂ ಆಗಬೇಕಾಗಿದ್ದರೆ ಹೇಳು. ಒಂದೇ ಒಂದು ಕೆಲಸ. ಗುಂಡಿ ಹಚ್ಚುವುದಾದರೂ ಸರಿ. ಅದೇ ದಿನ ಹೊರಡುತ್ತೇನೆ.

ಮೊಂಡಿ

ಸೆಪ್ಟೆಂಬರ್ 1

ಮೊಂಡಿ,

ಅಕ್ಷರ ನೋಡಿ ಗಾಬರಿಯಾಗಬೇಡ. ಬಾಗಿಲಿಗೆ ಸಿಕ್ಕಿ ಬೆರಳು ಜಜ್ಜಿದೆ, ನಾನು ಹೇಳಿದ್ದನ್ನು ಭಾವ ಬರೆಯುತ್ತಿದ್ದಾರೆ.

ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ ಅಂತ ಬರೆದೆಯಲ್ಲ, ಕೆನ್ನೆಗೆ ಬಾರಿಸಬೇಕು ನಿನಗೆ. ಪಾತ್ರೆ ಕಿತ್ತುಕೊಂಡದ್ದು ನಿನ್ನ ಕೈ ನಡುಗುತ್ತಿತ್ತು ಅಂತ. ನೀನು ಮತ್ತೆ ಬಿದ್ದರೆ ನಾನು ಬದುಕುವುದಿಲ್ಲ ಅಂತ. ಅದನ್ನು ಬಾಯಿಬಿಟ್ಟು ಹೇಳಬೇಕೇನೇ?

ಏನಾದರೂ ಆಗಬೇಕಾ ಅಂತ ಕೇಳಿದ್ದೀಯ. ಏನೂ ಇಲ್ಲ. ಇದನ್ನು ಎದೆ ತಟ್ಟಿ ಹೇಳುತ್ತೇನೆ. ನಿನ್ನನ್ನು ದುಡಿಸಿಕೊಳ್ಳಲು ಕರೆಯುವ ಅಕ್ಕ ನಾನಲ್ಲ. ಕೈ ಬೀಸಿಕೊಂಡು ಬಾ, ಕಾಲು ಚಾಚಿ ಕೂತುಕೋ.

ಪೊಟ್ಟಣ ಕಳಿಸಿದ್ದೇನೆ, ಬಿಚ್ಚಿ ನೋಡು. ಉಪ್ಪು. ನಮ್ಮ ಅಡಿಗೆಮನೆಯ ಡಬ್ಬಿಯದೇ. ಏನೂ ಮಾಡದೆ ತಿನ್ನು. ಅಕ್ಕ ಕೊಟ್ಟದ್ದು, ತಂಗಿ ತಿಂದಳು, ಮುಗಿಯಿತು.

(ಮಹಾರಾಣಿ, ಇದು ಅವಳು ಹೇಳಿದ್ದಲ್ಲ, ನಾನು ಬರೆಯುತ್ತಿರುವುದು. ಕೋಪ ಬಿಟ್ಟು ಬೇಗ ಬಾ. ಇನ್ನು ಹೆಚ್ಚು ಬರೆದರೆ, ಏನು ಬರೀತಿದ್ದೀರಿ ಅಂತ ಕೇಳುತ್ತಾಳೆ.)

ಅಕ್ಕ

ಅಕ್ಟೋಬರ್ 10

ಅಕ್ಕಾ,

ಏನೂ ಆಗಬೇಕಾಗಿಲ್ಲ ಅಂತ ನೀನು ಬರೆದಿದ್ದೆ. ಎದೆ ತಟ್ಟಿ ಹೇಳಿದ್ದೆ. ಅರ್ಥವಾಯಿತು.

ಪೊಟ್ಟಣದ ಉಪ್ಪನ್ನು ಅನ್ನಕ್ಕೆ ಕಲಸಿಕೊಂಡೆ. ರುಚಿ ಹತ್ತಲಿಲ್ಲ. ಇನ್ನಷ್ಟು ಹಾಕಿಕೊಂಡೆ. ಮರಳು ತಿಂದ ಹಾಗಾಯಿತು. ಉಪ್ಪಿನಲ್ಲಿ ದೋಷವಿಲ್ಲ, ಅದು ನನ್ನದಾಗಿರಲಿಲ್ಲ ಅಷ್ಟೇ.

ಆಮೇಲೆ ಒಂದು ದಿನ ಊಟಕ್ಕೆ ಬಂದಾಗ ಕಾಲು ತಾನಾಗಿ ಐದನೆಯ ಕುರ್ಚಿಯ ಕಡೆ ಹೋಯಿತು. ಕೂತೆ. ಇಸ್ತ್ರಿಯಮ್ಮನ ಕೈಯ ಲೋಟ ನಿಂತಲ್ಲೇ ನಿಂತಿತು. ಯಜಮಾನಿ ಹಿಂದೆ ಬಂದು ನಿಂತರು. ಅವರ ಸೀರೆಯಿಂದ ಮಷೀನಿನ ಎಣ್ಣೆಯ ವಾಸನೆ. "ಇವತ್ತು ಏನು ಮಾಡಿದ್ಯೇ ಮಗಳೇ?" ಅಂದರು. "ಮದುವೆಯ ಕೋಟು ಮುಗಿಸಿದೆ ಅಮ್ಮಾ" ಅಂದೆ. ಚಮಚ ಮಾತ್ರವಲ್ಲ, ಭರಣಿಯನ್ನೇ ಬಗ್ಗಿಸಿದರು. ತಲೆಯ ಮೇಲೆ ಕೈ ಇಟ್ಟರು. ಆ ಕೈ ಬಿಸಿಯಾಗಿತ್ತು. ನಾನು ಅಳುತ್ತಾ ಉಂಡೆ, ಅಷ್ಟು ರುಚಿಯಾಗಿತ್ತು.

ಈಗ ನಡುವಿನ ಹಲಗೆ ತೆಗೆಸಿದ್ದಾರೆ. ಕಿಟಕಿ ಪೂರ್ತಿ ನಮಗೇ. ಆಚೆಯವಳ ಬಟ್ಟೆ ನನಗೆ ಅಳತೆ ತೆಗೆದು ಹೊಲಿಸಿದ ಹಾಗೆ ಕೂರುತ್ತದೆ. ಜೂನಿನಲ್ಲಿ ಬಂದ ಆ ಹುಡುಗಿ ಮೊದಲು ಕೂರುತ್ತಿದ್ದ ಕುರ್ಚಿಯ ಮೇಲೆ ಗುಂಡಿಯ ಡಬ್ಬ ಇಟ್ಟಿದ್ದಾರೆ, ಯಾರೂ ಅವಳನ್ನು ಕೇಳುವುದಿಲ್ಲ. ನಾನು ಒಂದು ದಿನ ಸೂಜಿ ಹಿಡಿಯದಿದ್ದರೆ ಅಂಗಡಿ ನಿಲ್ಲುತ್ತದೆ. ನಾನು ಸುಮ್ಮನೆ ಕೂರುವುದೇ ಇಲ್ಲ. ಕೂತರೆ ಏನಾಗುತ್ತದೆಂದು ನನಗೆ ಗೊತ್ತು.

ನಿನ್ನ ಬೆರಳು ವಾಸಿಯಾಯಿತೇ? ಇಷ್ಟು ದಿನ ಬೇಕೇ ಒಂದು ಬೆರಳಿಗೆ?

ಅಕ್ಟೋಬರ್ 19

ಮೊಂಡಿ,

ಈ ಸಲ ಕಾಗದದ ಕೊನೆಗೆ ನೀನು ಹೆಸರು ಹಾಕಿಲ್ಲವಂತೆ. ಭಾವ ಹೇಳಿದರು. ನಾನು ಎರಡೆರಡು ಸಲ ಕೇಳಿದೆ, ಸರಿಯಾಗಿ ನೋಡಿ ಅಂದೆ.

ಬೆರಳಿಗೆ ಏನೂ ಆಗಿಲ್ಲ. ಕಣ್ಣು ಹೋಯಿತು. ಎಡಗಣ್ಣು ನೀನು ಇಲ್ಲಿದ್ದಾಗಲೇ ಮಂಜಾಗಿತ್ತು, ಜೂನಿನಿಂದ ಬಲಗಣ್ಣೂ ಶುರುವಾಯಿತು. ಆ ನುಡಿಗಟ್ಟಿನ ಪುಸ್ತಕವೇ ನಾನು ತಿದ್ದಿದ ಕೊನೆಯ ಕರಡು. ಆಮೇಲೆ ಪ್ರೆಸ್ಸಿನವರು ನನಗೆ ಮರ್ಯಾದೆಯಿಂದಲೇ ಸಾಕು ಅಂದರು. ಸಾಲಿನ ಮೇಲೆ ಸಾಲು ಹತ್ತಿದ್ದು ಅದಕ್ಕೇ, ಪುರುಸೊತ್ತಿಲ್ಲದೆ ಅಲ್ಲ. ಈಗ ಬೆಳಕು ಎಲ್ಲಿದೆ ಎಂದು ತಿಳಿಯುತ್ತದೆ, ಮುಖ ತಿಳಿಯುವುದಿಲ್ಲ. ಡಾಕ್ಟರು ಇನ್ನು ಇಷ್ಟೇ ಅಂದಿದ್ದಾರೆ.

ಯಾಕೆ ಬರೆಯಲಿಲ್ಲ ಅಂತ ಕೇಳುತ್ತೀಯ. ಕಣ್ಣು ಹೋದ ಮೇಲೆ ಕರೆದರೆ ಚಾಕರಿಗೆ ಕರೆದಳು ಅಂತ ನಿನಗೆ ಅನ್ನಿಸಿದರೆ? ನೀನು ನೀನಾಗಿ ಬರಬೇಕು ಅಂತ ಕಾದೆ. ನಾನು ಒಳ್ಳೆಯವಳಾಗಲು ಹೋಗಿ ನಿನ್ನನ್ನು ಹೊರಗೆ ನಿಲ್ಲಿಸಿದೆ ಅಂತ ಈಗ ಹೊಳೆಯುತ್ತಿದೆ.

ಕೇಳು, ಈಗ ಹೇಳುತ್ತೇನೆ. ನನಗೆ ನೀನು ಬೇಕು. ಕೆಲಸಕ್ಕೇ ಬೇಕು, ಸಾಕಾ? ಹಾಲು ಉಕ್ಕುವುದನ್ನು ನೋಡಲು ಬೇಕು. ಪೇಪರ್ ಓದಿ ಹೇಳಲು ಬೇಕು, ಭಾವ ಪದ ನುಂಗುತ್ತಾರೆ. ತಲೆ ಬಾಚಲು ಬೇಕು, ಬೈತಲೆ ಎಲ್ಲಿ ಹೋಗುತ್ತದೋ ನನಗೆ ಕಾಣುವುದಿಲ್ಲ. ಬೈಯಲು ಒಬ್ಬಳು ಬೇಕು. ಮತ್ತೆ ಇದೇನೂ ಮಾಡಲಾಗದೆ ನೀನು ಮಲಗಿದರೂ ಬೇಕು.

ಬಾರೇ.

ಅಕ್ಕ

ನವೆಂಬರ್ 15

ಮಾನ್ಯರಿಗೆ ನಮಸ್ಕಾರ.

ನೀವು ಬರೆದ ಪತ್ರ ನಮ್ಮ ಅಂಗಡಿಯ ವಿಳಾಸಕ್ಕೆ ಬಂದು ತಲುಪಿದೆ. ಕೆಲಸದ ಒತ್ತಡದಿಂದ ಉತ್ತರ ತಡವಾಯಿತು, ಕ್ಷಮಿಸಬೇಕು.

ನೀವು ಕೇಳಿದ ಹುಡುಗಿ ಕೆಲವು ಕಾಲ ಇಲ್ಲಿ ಕಾಜಾ ಕೆಲಸಕ್ಕೆ ಇದ್ದದ್ದು ನಿಜ. ಅವಳ ಕೆಲಸ ಅಷ್ಟಕ್ಕಷ್ಟೇ ಎಂದು ಅಮ್ಮ ಹೇಳುತ್ತಾರೆ. ದಾರ ಸಡಿಲ, ಅಂಚು ಅಂಕುಡೊಂಕು. ಎಲ್ಲಿಗೆ ಹೋದಳೋ ಗೊತ್ತಿಲ್ಲ, ಹೇಳಿ ಹೋಗಲಿಲ್ಲ. ಈ ಮನೆಯ ಕಾಜಾ ಮೊದಲಿನಿಂದಲೂ ನಾನೇ ಮಾಡುತ್ತಿರುವುದು.

ನಿಮ್ಮ ಕಣ್ಣಿನ ವಿಷಯ ತಿಳಿದು ಬೇಸರವಾಯಿತು. ನನಗೆ ನಿಮ್ಮ ಪರಿಚಯವಿಲ್ಲದಿದ್ದರೂ ಆ ಸಾಲುಗಳನ್ನು ಹಲವು ಸಲ ಓದಿದೆ. ಯಾಕೆಂದು ಗೊತ್ತಿಲ್ಲ. ನಿಮ್ಮ ತಂಗಿಗೆ ಅದು ಮೊದಲೇ ಸಿಕ್ಕಿದ್ದರೆ ಓಡಿ ಬರುತ್ತಿದ್ದಳೇನೋ.

ಅವಳು ಬಿಟ್ಟುಹೋದ ಉಪ್ಪಿನ ಪೊಟ್ಟಣ ಮರಳಿಸುತ್ತಿದ್ದೇನೆ. ಒದ್ದೆಯಾಗಿದೆ.

ಈ ಮನೆಯ ಮಗಳು

ಡಿಸೆಂಬರ್ 7

ಮಹಾರಾಣಿ,

ಬೇರೆ ಯಾವ ಹೆಸರಿನಿಂದ ಕರೆಯಲಿ, ನನಗೆ ಗೊತ್ತಿರುವುದು ಇದೊಂದೇ. ತಮಾಷೆಗೆ ಅನ್ನುತ್ತಿದ್ದೆ. ನೀನೂ ನಗುತ್ತಿದ್ದೆ. ನಗದೆ ಇದ್ದಿದ್ದರೆ ನನಗೆ ತಿಳಿಯುತ್ತಿತ್ತೋ ಏನೋ. ಇದನ್ನು ಅಕ್ಕನಿಗೆ ಹೇಳದೆ ಬರೆಯುತ್ತಿದ್ದೇನೆ.

ಕಳೆದ ತಿಂಗಳು ಬಂದ ಕಾಗದ ನಿನ್ನ ಅಕ್ಷರದಲ್ಲೇ ಇತ್ತು. ಗೇಟಿನ ಹತ್ತಿರವೇ ನಿಂತು ಓದಿದೆ. ಅವಳು ಒಳಗಿನಿಂದ, "ಮೊಂಡಿದಾ? ಓದಿ, ಓದಿ, ಪದ ನುಂಗಬೇಡಿ" ಅಂದಳು. ಅಷ್ಟೂ ನುಂಗಿದೆ. "ಬರುತ್ತಿದ್ದೇನೆ ಅಕ್ಕಾ, ನಿನ್ನ ತಲೆ ಬಾಚಲು ಬರುತ್ತಿದ್ದೇನೆ" ಅಂತ ಓದಿದೆ. ಇಲ್ಲದ್ದನ್ನು ಇದ್ದ ಹಾಗೆ ಓದುವುದು ಇಷ್ಟು ಸುಲಭ ಅಂತ ಗೊತ್ತಿರಲಿಲ್ಲ.

ಮರುದಿನವೇ ನಿನ್ನನ್ನು ಕರೆತರಲು ಹೊರಟೆ. ಅಂಗಡಿಯ ಗಾಜಿನ ಬಾಗಿಲಿನಿಂದಲೇ ಕಂಡೆ, ನೀನು ಕಿಟಕಿಯ ಹತ್ತಿರ ಕೂತು ಕಪ್ಪು ಕೋಟಿನ ಮೇಲೆ ಬಗ್ಗಿದ್ದೆ. ನಾನು ಒಳಗೆ ಬಂದೆ. ನೀನು ತಲೆಯೆತ್ತಿ, "ಅಳತೆಗಾ?" ಅಂದೆ. ನೀನೇ ಟೇಪು ತಂದು ನನ್ನ ಎದೆಯ ಸುತ್ತ ಹಿಡಿದೆ, ಭುಜಕ್ಕೆ ಹಿಡಿದೆ. ನಿನ್ನದೇ ಕೈ. ತೋರುಬೆರಳಿನ ಮೇಲೆ ಒಲೆ ತಾಗಿ ಸುಟ್ಟ ಗುರುತು ಹಾಗೇ ಇದೆ. "ಅಕ್ಕ ಕಾಯ್ತಿದ್ದಾಳಮ್ಮ" ಅಂದೆ ನಾನು. ಟೇಪು ಒಂದು ಗಳಿಗೆ ನಿಂತಿತು. ಆಮೇಲೆ ನೀನು, "ತೋಳು ಸ್ವಲ್ಪ ಎತ್ತಿ" ಅಂದೆ. ಒಳಬಾಗಿಲಲ್ಲಿ ಆ ಹೆಂಗಸು ನಿಂತಿದ್ದರು. ಅವರು ಗದರಿದ್ದರೆ ಜಗಳವಾಡಿಯಾದರೂ ಎಳೆದುಕೊಂಡು ಬರುತ್ತಿದ್ದೆ. ಅವರು ಕೈ ಮುಗಿದರು. ನಾನು ಹೇಡಿಯ ಹಾಗೆ ಆಚೆ ಬಂದೆ.

ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದೆ. ಅವಳು ಗೋಡೆ ತಡವಿಕೊಂಡು ಓಡಿ ಬಂದಳು. "ಇಬ್ಬರ ಹೆಜ್ಜೆ ಕೇಳಿಸ್ತು. ಕರ್ಕೊಂಡ್ ಬಂದ್ರಾ?" ಅಂದಳು. ನಾನು ಒಬ್ಬನೇ ಇದ್ದೆ. "ಹೂಂ" ಅಂದುಬಿಟ್ಟೆ. "ಮಾತಾಡಲ್ಲ ಇವಳು, ಇನ್ನೂ ಕೋಪ" ಅಂತ ನಕ್ಕಳು.

ಅಂದಿನಿಂದ ಮೂರು ತಟ್ಟೆ ಹಾಕುತ್ತಾಳೆ. ನಿನ್ನ ತಟ್ಟೆಗೆ ಮೊದಲು ಬಡಿಸುತ್ತಾಳೆ, ಏನನ್ನೂ ಕೇಳುವುದಿಲ್ಲ. ಸದ್ದಾಗದ ಹಾಗೆ ನಾನು ಜಾಗ ಬದಲಿಸಿ ನಿನ್ನದನ್ನೂ ಉಣ್ಣುತ್ತೇನೆ, ಆಮೇಲೆ ನನ್ನದನ್ನು. ಬೆಳಗ್ಗೆ ಉಸಿರು ಬಿಗಿಹಿಡಿದು ಅವಳ ತಲೆ ಬಾಚುತ್ತೇನೆ. ಬೈತಲೆ ಓರೆಯಾಗುತ್ತದೆ. "ಕೈ ಮರೆತುಹೋಯ್ತೇನೇ ನಿನಗೆ?" ಅನ್ನುತ್ತಾಳೆ.

ಇವತ್ತು ಊಟದ ನಡುವೆ ಕೈಚಾಚಿ ನನ್ನ ಕೈ ಹಿಡಿದಳು. ನಾನು ಆಗ ನಿನ್ನ ಜಾಗದಲ್ಲಿದ್ದೆ. ಬಿಡಿಸಿಕೊಳ್ಳಲು ಆಗಲಿಲ್ಲ. ಬೆರಳು ಬೆರಳು ಸವರಿದಳು. "ಎಷ್ಟು ಒರಟಾಗಿದೆಯೇ ಕೈ. ಸುಮ್ನೆ ಕೂತು ಊಟ ಮಾಡು, ಯಾರೂ ಏನೂ ಅನ್ನಲ್ಲ" ಅಂದಳು. ಇಷ್ಟು ವರ್ಷ ಜೊತೆಗಿದ್ದ ಗಂಡನ ಕೈ ಅವಳಿಗೆ ಗುರುತು ಸಿಗಲಿಲ್ಲವೋ, ಸಿಕ್ಕಿಯೂ ಸುಮ್ಮನಿದ್ದಳೋ ನನಗೆ ಗೊತ್ತಿಲ್ಲ. ಕೇಳಲು ಧೈರ್ಯವಿಲ್ಲ. ತಲೆ ತಗ್ಗಿಸಿ ಉಂಡೆ.

ನಿನ್ನ ಪಾಲಿನದನ್ನು ಎಷ್ಟು ದಿನ ಅಂತ ನಾನು ಉಣ್ಣಲಿ? ಬೇಗ ಬಾ. ಇಬ್ಬರ ಊಟ ನನ್ನಿಂದ ಆಗುತ್ತಿಲ್ಲ.

ಭಾವ